ಹದಿನೆಂಟು ವರ್ಷ ಆಸ್ಟ್ರೇಲಿಯಾದಲ್ಲಿದ್ದ ಭಾವನ ಪಿಆರ್ ರದ್ದಾಗಿದೆ, 28 ದಿನಗಳಲ್ಲಿ ಏನು ಮಾಡಬೇಕು?

ಹೇಮಾವತಿ_ಮೆಲ್ಬರ್ನ್

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಗಂಡನ ವಿಷಯದಲ್ಲಿ ತಿಳಿದವರ ಸಲಹೆ ತುರ್ತಾಗಿ ಬೇಕಾಗಿದೆ. ಭಾವ 2007ರಲ್ಲಿ ವಿದ್ಯಾರ್ಥಿಯಾಗಿ ಮೆಲ್ಬರ್ನ್‌ಗೆ ಬಂದವರು, 2012ರಲ್ಲಿ ಅವರಿಗೆ ಪಿಆರ್ (ಕಾಯಂ ನಿವಾಸದ ವೀಸಾ) ಸಿಕ್ಕಿತು. ಅಕ್ಕ ಕೆಲವು ವರ್ಷಗಳ ಹಿಂದೆಯೇ ಇಲ್ಲಿನ ಪೌರತ್ವ ಪಡೆದಳು. ಮಕ್ಕಳಿಬ್ಬರೂ ಇಲ್ಲಿಯೇ ಹುಟ್ಟಿದ್ದರಿಂದ ಹುಟ್ಟಿನಿಂದಲೇ ಇಲ್ಲಿನ ಪೌರರು. ಭಾವ ಮಾತ್ರ ಹಾಸನದ ಕಡೆ ಇರುವ ತಂದೆಯ ಜಮೀನು ಕೈತಪ್ಪಿ ಹೋದೀತೆಂಬ ಭಯದಿಂದ ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಂಡರು.

ಕಳೆದ ವರ್ಷ ಅವರು ಕುಡಿದು ಕಾರು ಓಡಿಸಿ ಅಪಘಾತ ಮಾಡಿದರು. ಎದುರಿನ ಕಾರಿನಲ್ಲಿದ್ದ ಇಬ್ಬರಿಗೆ ತೀವ್ರ ಗಾಯಗಳಾದವು. ಭಾವ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಎರಡು ಆರೋಪಗಳಿಗೂ ಸೇರಿಸಿ ಒಟ್ಟಾಗಿ 14 ತಿಂಗಳ ಸಜೆಯಾಯಿತು. ನಾವು ಅದನ್ನು ನ್ಯಾಯವಾದ ಶಿಕ್ಷೆಯೆಂದೇ ಒಪ್ಪಿಕೊಂಡಿದ್ದೆವು. ಆದರೆ ಈಗ ಜೈಲಿಗೆ ಗೃಹ ಇಲಾಖೆಯಿಂದ ಪತ್ರ ಬಂದಿದೆ. ‘ನಿಮ್ಮ ವೀಸಾ ರದ್ದಾಗಿದೆ, 28 ದಿನಗಳೊಳಗೆ ಮನವಿ ಸಲ್ಲಿಸಬಹುದು’ ಎಂದು ಅದರಲ್ಲಿದೆ. ‘ರದ್ದು ಮಾಡಬೇಕೆಂದು ಯೋಚಿಸುತ್ತಿದ್ದೇವೆ’ ಎಂದಲ್ಲ, ರದ್ದು ಮಾಡಿಯೇ ಆಗಿದೆ. ಇಷ್ಟು ವರ್ಷ ತೆರಿಗೆ ಕಟ್ಟಿ, ಮನೆ ಕೊಂಡು, ಮಕ್ಕಳನ್ನು ಬೆಳೆಸಿದ ಮನುಷ್ಯನನ್ನು ಒಂದು ಮಾತೂ ಕೇಳದೆ ಹೀಗೆ ಹೊರಹಾಕಲು ಬರುತ್ತದೆಯೇ?

ಕಾನೂನುಮಿತ್ರ_ಸಿಡ್ನಿ

ಹೇಮಾವತಿ ಅವರೇ, ಬರುತ್ತದೆ. 1958ರ ವಲಸೆ ಕಾಯ್ದೆಯ 501ನೇ ಕಲಮಿಗೆ 2014ರ ಡಿಸೆಂಬರ್‌ನಲ್ಲಿ ಒಂದು ತಿದ್ದುಪಡಿ ಬಂತು. ಪೌರನಲ್ಲದ ವ್ಯಕ್ತಿಗೆ 12 ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಸಜೆಯಾಗಿ, ಆತ ಜೈಲಿನಲ್ಲಿ ಪೂರ್ಣಾವಧಿಯ ಶಿಕ್ಷೆ ಅನುಭವಿಸುತ್ತಿದ್ದರೆ ಆತನ ವೀಸಾವನ್ನು ರದ್ದು ಮಾಡಲೇಬೇಕೆಂದು ಅದು ವಿಧಿಸುತ್ತದೆ. ‘ಮಾಡಬಹುದು’ ಎಂಬ ಮಾತು ಅಲ್ಲಿಲ್ಲ. ಆತ ಬಂದು ಎಷ್ಟು ವರ್ಷವಾಯಿತು, ಹೆಂಡತಿ ಮಕ್ಕಳು ಯಾರು, ಅಪರಾಧ ಮೊದಲನೆಯದೋ ಹತ್ತನೆಯದೋ ಎಂಬ ಯಾವ ಪ್ರಶ್ನೆಯೂ ಆ ಹಂತದಲ್ಲಿ ಏಳುವುದಿಲ್ಲ. ಮೊದಲು ರದ್ದು, ವಿಚಾರಣೆ ಆಮೇಲೆ.

ಆ ವಿಚಾರಣೆಯ ಬಾಗಿಲು ತೆರೆಯುವುದು ನಿಮ್ಮ ಭಾವ ಬರೆದು ಕಳಿಸುವ ಮನವಿಯಿಂದ. 28 ದಿನಗಳ ಗಡುವನ್ನು ಯಾರೂ ವಿಸ್ತರಿಸಲಾರರು, ಸಚಿವರೂ ಸೇರಿದಂತೆ. ಆದ್ದರಿಂದ ಎಲ್ಲ ದಾಖಲೆಗಳು ಕೈಸೇರಲಿ ಎಂದು ಕಾಯಬೇಡಿ. ಎರಡು ಪುಟದ ಮನವಿಯನ್ನಾದರೂ ಮೊದಲು ಕಳಿಸಿಬಿಡಿ. ಪ್ರಮಾಣಪತ್ರಗಳು, ವೈದ್ಯರ ವರದಿಗಳು ನಂತರ ಸೇರಬಹುದು, ಮನವಿ ಮಾತ್ರ ನಂತರ ಸೇರಲಾರದು.

ಸಹ್ಯಾದ್ರಿ_ಅಡಿಲೇಡ್

ಇದು ಒಂದೇ ತಪ್ಪಿಗೆ ಎರಡು ಶಿಕ್ಷೆಯಲ್ಲದೆ ಮತ್ತೇನು?

ಶಂಕರ_ಬ್ರಿಸ್ಬೇನ್

ಹೇಮಾವತಿ ಅವರ ಕುಟುಂಬದ ಸಂಕಟ ಅರ್ಥವಾಗುತ್ತದೆ, ಆದರೆ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಪಿಆರ್ ಎಂಬುದು ಹಕ್ಕಲ್ಲ, ಈ ದೇಶ ಕೊಟ್ಟ ಅವಕಾಶ. ಇಂಥ ಪ್ರಕರಣಗಳನ್ನು ತೀರ್ಮಾನಿಸುವವರಿಗೆ ಸಚಿವರು ಹೊರಡಿಸಿರುವ ನಿರ್ದೇಶನದಲ್ಲಿಯೇ ಇಲ್ಲಿ ಬಂದು ನೆಲೆಸುವುದು ಆಸ್ಟ್ರೇಲಿಯಾ ನೀಡುವ ವಿಶೇಷ ಅವಕಾಶವೆಂದು ಸ್ಪಷ್ಟವಾಗಿ ಬರೆದಿದೆ. ನಮ್ಮ ಮನೆಗೆ ಬಂದು ಉಳಿದವರು ಮನೆಯವರನ್ನೇ ಗಾಯಗೊಳಿಸಿದರೆ ನಾವೂ ಹೊರಗೆ ಹೋಗಿ ಎನ್ನುವುದಿಲ್ಲವೇ? ಗಾಯಗೊಂಡ ಆ ಇಬ್ಬರು ಯಾರೆಂದು ಇಲ್ಲಿ ಯಾರೂ ಕೇಳಲಿಲ್ಲ.

ಭಾರತವೂ ಇದಕ್ಕಿಂತ ಭಿನ್ನವಲ್ಲ. ಎರಡು ವರ್ಷ ಅಥವಾ ಹೆಚ್ಚಿನ ಸಜೆಯಾದವರ ಒಸಿಐ ಕಾರ್ಡನ್ನು (ಬೇರೆ ದೇಶದ ಪೌರರಾದ ಭಾರತೀಯ ಮೂಲದವರಿಗೆ ಕೊಡುವ ಕಾರ್ಡು) ನಮ್ಮ ಸರ್ಕಾರವೂ ರದ್ದು ಮಾಡಬಲ್ಲದು. ಅದನ್ನು ತಪ್ಪೆಂದು ನಾವು ಯಾರೂ ಬೀದಿಗಿಳಿದಿಲ್ಲ.

ಗೊರೂರು_ಗೆಳೆಯ

ಹೇಮಾವತಿ ಅವರೇ, ಒಂದು ಆಶಾಕಿರಣ ಇದೆ. ಎರಡು ಆರೋಪಗಳಿಗೆ ಸೇರಿಸಿ ಒಟ್ಟು ಸಜೆ ಎಂದಿರಿ. ಒಂದೊಂದನ್ನು ಬೇರೆಯಾಗಿ ನೋಡಿದರೆ 12 ತಿಂಗಳಿಗಿಂತ ಕಡಿಮೆಯೇ ಆಗಿರಬಹುದು. ಹೀಗೆ ಒಟ್ಟುಗೂಡಿಸಿದ ಸಜೆಗೆ ಕಡ್ಡಾಯ ರದ್ದತಿ ಅನ್ವಯಿಸುವುದಿಲ್ಲವೆಂದು ಫೆಡರಲ್ ಕೋರ್ಟ್ ಹೇಳಿದೆ. ವಕೀಲರಿಗೆ ಅದನ್ನು ತೋರಿಸಿ, ವೀಸಾ ವಾಪಸ್ ಬರುತ್ತದೆ.

ಕಾನೂನುಮಿತ್ರ_ಸಿಡ್ನಿ

ಗೊರೂರು ಅವರೇ, ದಯವಿಟ್ಟು ಅವರಿಗೆ ಹಳೆಯ ಆಸೆಯನ್ನು ತೋರಿಸಬೇಡಿ. ನೀವು ಹೇಳುತ್ತಿರುವುದು 2022ರ ಡಿಸೆಂಬರ್‌ನ ಪಿಯರ್ಸನ್ ತೀರ್ಪು. ಹಲವು ಅಪರಾಧಗಳಿಗೆ ನ್ಯಾಯಾಧೀಶರು ಒಂದೇ ಒಟ್ಟು ಸಜೆ ಕೊಟ್ಟಾಗ ಅದನ್ನು ‘12 ತಿಂಗಳ ಒಂದು ಸಜೆ’ ಎಂದು ಪರಿಗಣಿಸಲಾಗದೆಂದು ಫೆಡರಲ್ ಕೋರ್ಟಿನ ಪೂರ್ಣಪೀಠ ಆಗ ಹೇಳಿದ್ದು ನಿಜ, ಅದರಿಂದ ಹಲವರು ಬಂಧನದಿಂದ ಹೊರಬಂದದ್ದೂ ನಿಜ. ಆದರೆ 2023ರ ಫೆಬ್ರವರಿಯಲ್ಲಿ ಸಂಸತ್ತು ಕಾಯ್ದೆಯನ್ನೇ ತಿದ್ದಿ, ಆ ತಿದ್ದುಪಡಿಯನ್ನು ಹಿಂದಿನ ಪ್ರಕರಣಗಳಿಗೂ ಅನ್ವಯಿಸಿತು. ಬಿಡುಗಡೆಯಾಗಿ ಮನೆ ಸೇರಿದ್ದವರನ್ನು ಕೆಲವೇ ವಾರಗಳಲ್ಲಿ ಮತ್ತೆ ಹಿಡಿದೊಯ್ದರು. ಇಂದಿನ ಕಾನೂನಿನಲ್ಲಿ 14 ತಿಂಗಳ ಒಟ್ಟು ಸಜೆ ಎಂದರೆ 14 ತಿಂಗಳ ಸಜೆಯೇ.

ಅನಾಮಿಕ_ಪರ್ತ್

ನನ್ನದೂ ಇದಕ್ಕೆ ಹತ್ತಿರದ ಪ್ರಶ್ನೆ. ನನ್ನ ತಮ್ಮನಿಗೆ ಎರಡು ಪ್ರಕರಣಗಳಲ್ಲಿ 10 ತಿಂಗಳು ಮತ್ತು 8 ತಿಂಗಳು ಎಂದು ಬೇರೆ ಬೇರೆ ಸಜೆಯಾಗಿದ್ದು, ಎರಡನ್ನೂ ಏಕಕಾಲದಲ್ಲಿ ಅನುಭವಿಸಬೇಕೆಂದು ಆದೇಶವಿದೆ. ಅಂದರೆ ಒಳಗಿರುವುದು 10 ತಿಂಗಳು ಮಾತ್ರ. ಅವನು ಈ ಗೆರೆಯೊಳಗೆ ಬರುತ್ತಾನೆಯೇ?

ಕಾನೂನುಮಿತ್ರ_ಸಿಡ್ನಿ

ಅಲ್ಲಿ ಬೇರೆ ಲೆಕ್ಕ. ಏಕಕಾಲದ ಸಜೆಗಳನ್ನು ಕಾಯ್ದೆ ಒಂದರ ಮೇಲೊಂದಿಟ್ಟು ಕೂಡಿಸುತ್ತದೆ, ಆದ್ದರಿಂದ ನಿಮ್ಮ ತಮ್ಮನ ಮೊತ್ತ 18 ತಿಂಗಳು. ಅವರು ನಡತೆಯ ಪರೀಕ್ಷೆಯಲ್ಲಿ, ಅಂದರೆ ವೀಸಾ ಉಳಿಯಲು 501ನೇ ಕಲಮು ಇಟ್ಟಿರುವ ಸನ್ನಡತೆಯ ಮಾನದಂಡದಲ್ಲಿ, ಅನುತ್ತೀರ್ಣರಾಗುತ್ತಾರೆ. ಆದರೆ ಕಡ್ಡಾಯ ರದ್ದತಿಗೆ ಒಂದೇ ಸಜೆ 12 ತಿಂಗಳಾಗಿರಬೇಕು, ಅವರ ವಿಷಯದಲ್ಲಿ ಅದಿಲ್ಲ. ಹಾಗಾಗಿ ಇಲಾಖೆ ಮೊದಲು ನೋಟಿಸ್ ಕಳಿಸಿ ‘ನಿಮ್ಮ ವೀಸಾವನ್ನು ಏಕೆ ರದ್ದು ಮಾಡಬಾರದು’ ಎಂದು ಕೇಳಬೇಕಾಗುತ್ತದೆ. ಆ ನೋಟಿಸ್ ಬಂದರೆ ಅಲಕ್ಷ್ಯ ಮಾಡಬೇಡಿ, ಬೇರೆ ಚರ್ಚೆ ತೆರೆಯಿರಿ, ವಿವರವಾಗಿ ಬರೆಯುತ್ತೇನೆ. ಸಜೆಯನ್ನು ಅಮಾನತಿನಲ್ಲಿಟ್ಟು ಮನೆಗೆ ಕಳಿಸಿದ್ದರೂ ನಡತೆಯ ಪರೀಕ್ಷೆಯ ಲೆಕ್ಕಕ್ಕೆ ಅದು ಸಜೆಯೇ, ಇದನ್ನು ಎಷ್ಟೋ ಜನ ಕ್ರಿಮಿನಲ್ ವಕೀಲರೂ ತಮ್ಮ ಕಕ್ಷಿದಾರರಿಗೆ ತಿಳಿಸುವುದಿಲ್ಲ.

ಅಕ್ಷರ_ಕ್ಯಾನ್‌ಬೆರಾ

ಶಂಕರ ಅವರ ‘ಮನೆಗೆ ಬಂದವರು’ ಎಂಬ ವಾದಕ್ಕೆ ಉತ್ತರಿಸಲೇಬೇಕು, ಏಕೆಂದರೆ ಇಡೀ ವಿಷಯದ ತಿರುಳು ಅಲ್ಲಿಯೇ ಇದೆ.

ಸ್ಟೀಫನ್ ನಿಸ್ಟ್ರಮ್ ಎಂಬಾತ 1973ರಲ್ಲಿ ಸ್ವೀಡನ್‌ನಲ್ಲಿ ಹುಟ್ಟಿ, ತಿಂಗಳು ತುಂಬುವ ಮೊದಲೇ ತಾಯಿಯ ತೋಳಿನಲ್ಲಿ ಆಸ್ಟ್ರೇಲಿಯಾಕ್ಕೆ ಬಂದವನು. ಸ್ವೀಡಿಷ್ ಭಾಷೆ ಬಾರದು, ಆ ದೇಶದಲ್ಲಿ ಗೊತ್ತಿರುವವರಿಲ್ಲ. ಅವನ ಅಪರಾಧಗಳು ಘೋರವಾಗಿದ್ದವು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆ ಅಪರಾಧಿಯನ್ನು ರೂಪಿಸಿದ್ದು ಸ್ವೀಡನ್ ಅಲ್ಲ, ಇಲ್ಲಿನ ಶಾಲೆ, ಇಲ್ಲಿನ ಬೀದಿ, ಇಲ್ಲಿನ ಬಾಲಮಂದಿರ. 2006ರಲ್ಲಿ ಅವನನ್ನು ಸ್ವೀಡನ್‌ಗೆ ಕಳಿಸಿಬಿಟ್ಟರು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2011ರಲ್ಲಿ ಈ ಪ್ರಕರಣವನ್ನು ಪರಿಶೀಲಿಸಿ, ಆಸ್ಟ್ರೇಲಿಯಾವೇ ಅವನ ‘ಸ್ವಂತ ದೇಶ’ ಎಂದೂ, ಆ ಗಡೀಪಾರು ಅಂತರರಾಷ್ಟ್ರೀಯ ಒಡಂಬಡಿಕೆಯ ಉಲ್ಲಂಘನೆಯೆಂದೂ ಅಭಿಪ್ರಾಯಪಟ್ಟಿತು. ಸರ್ಕಾರದ ಧೋರಣೆ ಬದಲಾಗಲಿಲ್ಲ; ಕಡ್ಡಾಯ ರದ್ದತಿಯ ತಿದ್ದುಪಡಿ ಬಂದದ್ದು ಆ ಅಭಿಪ್ರಾಯ ಬಂದ ಮೂರು ವರ್ಷಗಳ ನಂತರ.

ಸಹ್ಯಾದ್ರಿ ಅವರು ಕೇಳಿದ ‘ಎರಡು ಶಿಕ್ಷೆ’ಯ ಪ್ರಶ್ನೆಯನ್ನು ಹೈಕೋರ್ಟ್ ಫಾಲ್ಝನ್ ಪ್ರಕರಣದಲ್ಲಿ ಕೈಗೆತ್ತಿಕೊಂಡಿತು (ಇಲ್ಲಿನ ಹೈಕೋರ್ಟ್ ನಮ್ಮ ಸುಪ್ರೀಂ ಕೋರ್ಟಿಗೆ ಸಮ ಎಂಬುದು ನೆನಪಿರಲಿ). ಆತ ಮಾಲ್ಟಾದಿಂದ 1956ರಲ್ಲಿ ಮೂರು ವರ್ಷದ ಮಗುವಾಗಿ ಬಂದವರು, ಮಾದಕ ವಸ್ತು ಸಾಗಾಣಿಕೆಯಲ್ಲಿ ಜೈಲಿಗೆ ಹೋದರು, ಅರವತ್ತು ವರ್ಷ ಇಲ್ಲಿ ಬಾಳಿದ ಮೇಲೆ ವೀಸಾ ಕಳೆದುಕೊಂಡರು. ಶಿಕ್ಷೆ ಕೊಡುವುದು ನ್ಯಾಯಾಲಯದ ಕೆಲಸವಾಗಿರುವಾಗ ಸರ್ಕಾರ ಹೀಗೆ ಮತ್ತೊಮ್ಮೆ ದಂಡಿಸುವಂತಿಲ್ಲ ಎಂಬುದು ಅವರ ವಾದವಾಗಿತ್ತು. ವೀಸಾ ರದ್ದತಿ ಶಿಕ್ಷೆಯಲ್ಲ, ಪೌರರಲ್ಲದವರನ್ನು ಹೊರಕಳಿಸುವ ಆಡಳಿತಾತ್ಮಕ ಕ್ರಮ ಮಾತ್ರ ಎಂದು 2018ರಲ್ಲಿ ನ್ಯಾಯಾಲಯ ಒಮ್ಮತದಿಂದ ತೀರ್ಪಿತ್ತಿತು. ಕಾನೂನಿನ ದೃಷ್ಟಿಯಿಂದ ಉತ್ತರ ಅಷ್ಟೇ. ಮೂರು ವರ್ಷದ ಮಗುವಾಗಿ ಬಂದವರನ್ನು ಮುದಿವಯಸ್ಸಿನಲ್ಲಿಯೂ ಅತಿಥಿಯೆಂದು ಕರೆಯುವುದು ಸರಿಯೇ ಎಂಬ ಪ್ರಶ್ನೆ ಶಂಕರ ಅವರಿಗೆ ಉಳಿದೇ ಇದೆ.

ಶಂಕರ_ಬ್ರಿಸ್ಬೇನ್

ಮಗುವಾಗಿ ಬಂದವರ ವಿಷಯದಲ್ಲಿ ನಿಮ್ಮ ಮಾತಿಗೆ ತೂಕವಿದೆಯೆಂದು ಒಪ್ಪುತ್ತೇನೆ. ಆದರೆ ಹೇಮಾವತಿ ಅವರ ಭಾವ ಬುದ್ಧಿ ಬಂದ ಮೇಲೆ ತಾವೇ ಆರಿಸಿಕೊಂಡು ಬಂದವರು, ಪೌರತ್ವ ಸಿಗುತ್ತಿದ್ದರೂ ಬೇಡವೆಂದವರು. ಅವರ ಪರವಾಗಿ ನಿಸ್ಟ್ರಮ್‌ನನ್ನು ಮುಂದಿಡುವುದು ನ್ಯಾಯವಲ್ಲ.

ಶುಶ್ರೂಷಕಿ_ವೆಸ್ಟರ್ನ್‌ಸಿಡ್ನಿ

ನಾನು ಅಪಘಾತ ವಿಭಾಗದಲ್ಲಿ ಕೆಲಸ ಮಾಡುವವಳು. ಕುಡಿದ ಚಾಲಕನ ಕಾರಿಗೆ ಸಿಕ್ಕಿ ಬಂದವರನ್ನು ಮಂಚಕ್ಕೆ ಎತ್ತಿಹಾಕಿದ್ದೇನೆ, ಇನ್ನು ಮುಂದೆ ನಡೆಯಲಾರರೆಂಬ ಸುದ್ದಿಯನ್ನು ವೈದ್ಯರು ಅವರ ತಾಯಂದಿರಿಗೆ ಹೇಳುವಾಗ ಪಕ್ಕದಲ್ಲಿ ನಿಂತಿದ್ದೇನೆ. ಆದ್ದರಿಂದ ‘ಒಂದು ಸಣ್ಣ ತಪ್ಪು’ ಎಂಬ ಮಾತು ಈ ಚರ್ಚೆಯಲ್ಲಿ ಬಾರದಿರಲಿ ಎಂದು ಕೇಳಿಕೊಳ್ಳುತ್ತೇನೆ. ಹೇಮಾವತಿ ಅವರು ಹಾಗೆ ಬರೆಯಲಿಲ್ಲ, ಅದಕ್ಕಾಗಿ ಅವರ ಬಗ್ಗೆ ಗೌರವವಿದೆ.

ಇಷ್ಟೆಲ್ಲ ನೋಡಿದ ಮೇಲೂ ನನಗೆ ಈ ಕಾಯ್ದೆ ಸರಿಯೆನಿಸುವುದಿಲ್ಲ. ಅದೇ ರಸ್ತೆಯಲ್ಲಿ, ಅದೇ ಪ್ರಮಾಣದಲ್ಲಿ ಕುಡಿದು, ಅದೇ ಗಾಯ ಮಾಡಿದ ಪೌರನೊಬ್ಬ ಸಜೆ ಮುಗಿಸಿ ತನ್ನ ಮಕ್ಕಳ ಬಳಿಗೆ ಹೋಗುತ್ತಾನೆ. ಗಾಯಗೊಂಡವರಿಗೆ ಚಾಲಕನ ಪಾಸ್‌ಪೋರ್ಟಿನ ಬಣ್ಣದಿಂದ ನೋವು ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ.

ನೇತ್ರಾವತಿ_ಆಕ್ಲೆಂಡ್

ಈ ಕಡೆಯಿಂದ ನೋಡಿದರೆ ಚಿತ್ರ ಇನ್ನೂ ಕಟುವಾಗಿದೆ. 501ನೇ ಕಲಮಿನ ಹೊಡೆತ ಅತಿ ಹೆಚ್ಚು ಬಿದ್ದಿರುವುದು ನ್ಯೂಜಿಲೆಂಡ್ ಪೌರರ ಮೇಲೆ. ಅವರಿಗೆ ಆಸ್ಟ್ರೇಲಿಯಾದಲ್ಲಿ ವೀಸಾಕ್ಕೆ ಅರ್ಜಿ ಹಾಕುವ ಕೆಲಸವೇ ಇರಲಿಲ್ಲ, ವಿಮಾನ ಇಳಿದ ಕೂಡಲೇ 444 ವೀಸಾ ತಾನಾಗಿ ಸಿಗುತ್ತಿತ್ತು. ಅದರಿಂದ ಪೌರತ್ವದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಇಲ್ಲಿಗೆ ವಾಪಸ್ ಬರುವವರನ್ನು ಜನ ‘501’ ಎಂದೇ ಕರೆಯುತ್ತಾರೆ. ಹೀಗೆ ಬಂದವರ ಮೇಲೆ ನಿಗಾ ಇಡಲು 2015ರಲ್ಲಿ ಇಲ್ಲಿನ ಸಂಸತ್ತು ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಇಲ್ಲಿನ ಅಂದಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಅವರು 2020ರ ಫೆಬ್ರವರಿಯಲ್ಲಿ ಸಿಡ್ನಿಗೆ ಹೋಗಿ, ಆಸ್ಟ್ರೇಲಿಯಾದ ಪ್ರಧಾನಿಯ ಪಕ್ಕದಲ್ಲಿಯೇ ನಿಂತು, ನಿಮ್ಮ ಜನರನ್ನೂ ನಿಮ್ಮ ಸಮಸ್ಯೆಗಳನ್ನೂ ನಮ್ಮಲ್ಲಿಗೆ ಗಡೀಪಾರು ಮಾಡಬೇಡಿ ಎಂದು ಹೇಳಿದ್ದರು.

ಆ ಒತ್ತಡದಿಂದ ಸ್ವಲ್ಪ ಪರಿಣಾಮವಾಯಿತು. 2023ರ ಮಾರ್ಚ್‌ನಲ್ಲಿ ಬಂದ 99ನೇ ನಿರ್ದೇಶನ, ಆಸ್ಟ್ರೇಲಿಯಾದೊಂದಿಗಿನ ನಂಟು ಎಷ್ಟು ಗಟ್ಟಿ, ಎಷ್ಟು ಹಳೆಯದು ಎಂಬುದನ್ನು ಮುಖ್ಯ ಅಂಶಗಳ ಸಾಲಿಗೆ ಸೇರಿಸಿತು. ಹೇಮಾವತಿ ಅವರೇ, ನಿಮ್ಮ ಮನವಿಯಲ್ಲಿ 99ನೇ ನಿರ್ದೇಶನವನ್ನು ಉಲ್ಲೇಖಿಸಿ.

ಕಾನೂನುಮಿತ್ರ_ಸಿಡ್ನಿ

ಉಲ್ಲೇಖಿಸಬೇಡಿ, ಅದು ಈಗ ಜಾರಿಯಲ್ಲಿಲ್ಲ. ಆ ನಿರ್ದೇಶನದಡಿ, ಇಲಾಖೆಯ ತೀರ್ಮಾನಗಳನ್ನು ಮರುಪರಿಶೀಲಿಸುವ ಟ್ರಿಬ್ಯೂನಲ್ ಕೆಲವು ಗಂಭೀರ ಅಪರಾಧಿಗಳ ವೀಸಾ ಮರಳಿಸಿತೆಂದು 2024ರ ಮೇ ತಿಂಗಳಲ್ಲಿ ದೊಡ್ಡ ಗದ್ದಲವಾಯಿತು. ಅಂದಿನ ವಲಸೆ ಸಚಿವ ಆಂಡ್ರ್ಯೂ ಗೈಲ್ಸ್ ಅದರ ಬದಲಿಗೆ 110ನೇ ನಿರ್ದೇಶನ ಹೊರಡಿಸಿದರು, ಅದು 2024ರ ಜೂನ್ 21ರಿಂದ ಜಾರಿಗೆ ಬಂತು. ನಂಟಿನ ಅಂಶ ಅದರಲ್ಲಿಯೂ ಉಳಿದಿದೆ, ಆದರೆ ಸಮುದಾಯದ ಸುರಕ್ಷತೆಗೆ ಸಾಮಾನ್ಯವಾಗಿ ಉಳಿದೆಲ್ಲಕ್ಕಿಂತ ಹೆಚ್ಚಿನ ತೂಕ ಕೊಡಬೇಕೆಂದು ಹೊಸದಾಗಿ ಹೇಳಲಾಗಿದೆ. ಕೌಟುಂಬಿಕ ಹಿಂಸೆ, ಇಲ್ಲಿರುವ ಅಪ್ರಾಪ್ತ ಮಕ್ಕಳ ಹಿತ, ಆಸ್ಟ್ರೇಲಿಯನ್ ಸಮುದಾಯದ ನಿರೀಕ್ಷೆ ಇವು ಉಳಿದ ಮುಖ್ಯ ಅಂಶಗಳು. ಕೊನೆಯದರ ಬಗ್ಗೆ ಒಂದು ಎಚ್ಚರಿಕೆಯ ಮಾತು. ‘ನೆರೆಹೊರೆಯವರೆಲ್ಲ ಅವರು ಇಲ್ಲೇ ಇರಲಿ ಎನ್ನುತ್ತಾರೆ’ ಎಂದು ನೂರು ಸಹಿ ಸಂಗ್ರಹಿಸಿದರೂ ಆ ಅಂಶ ನಿಮ್ಮ ಪರವಾಗಿ ತಿರುಗುವುದಿಲ್ಲ, ಏಕೆಂದರೆ ಸಮುದಾಯದ ನಿರೀಕ್ಷೆ ಏನೆಂಬುದನ್ನು ಸರ್ಕಾರವೇ ನಿರ್ದೇಶನದಲ್ಲಿ ಬರೆದಿಟ್ಟಿದೆ. 2019ರಲ್ಲಿ ಫೆಡರಲ್ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ನಿಮ್ಮ ಶ್ರಮವನ್ನು ನಂಟು ಮತ್ತು ಮಕ್ಕಳ ಹಿತದ ಮೇಲೆ ಇಡಿ.

ಹೇಮಾವತಿ_ಮೆಲ್ಬರ್ನ್

ಎಲ್ಲರಿಗೂ ಧನ್ಯವಾದಗಳು. ಶಂಕರ ಅವರೇ, ನಿಮ್ಮ ಮಾತಿನಿಂದ ನನಗೆ ಬೇಸರವಿಲ್ಲ. ಗಾಯಗೊಂಡವರಲ್ಲಿ ಒಬ್ಬರು ಇನ್ನೂ ಚಿಕಿತ್ಸೆಯಲ್ಲಿದ್ದಾರೆ, ಅದು ನಮ್ಮ ಮನೆಯಲ್ಲಿ ಯಾರೂ ಮರೆತ ವಿಷಯವಲ್ಲ.

ಎರಡು ಪ್ರಶ್ನೆಗಳಿವೆ. ಪೆರೋಲ್ ಸಿಕ್ಕರೆ ಭಾವ ಮನೆಗೆ ಬರುತ್ತಾರೆಯೇ? ಈಗಲಾದರೂ ಪೌರತ್ವಕ್ಕೆ ಅರ್ಜಿ ಹಾಕಬಹುದೇ?

ಕಾನೂನುಮಿತ್ರ_ಸಿಡ್ನಿ

ಎರಡಕ್ಕೂ ಇಲ್ಲ ಎಂದು ಹೇಳಬೇಕಾಗಿರುವುದಕ್ಕೆ ವಿಷಾದವಾಗುತ್ತದೆ. ವೀಸಾ ಇಲ್ಲದವರನ್ನು ಬಂಧನದಲ್ಲಿಡಲೇಬೇಕೆಂದು ಕಾಯ್ದೆ ಹೇಳುತ್ತದೆ, ಅಲ್ಲಿ ಜಾಮೀನಿನ ಪದ್ಧತಿಯಿಲ್ಲ. ಪೆರೋಲ್ ಸಿಕ್ಕ ದಿನ ಜೈಲಿನ ಬಾಗಿಲಲ್ಲಿಯೇ ಗಡಿ ಪಡೆಯವರು ಅವರನ್ನು ಕರೆದುಕೊಂಡು ವಲಸೆ ಬಂಧನ ಕೇಂದ್ರಕ್ಕೆ ಒಯ್ಯುತ್ತಾರೆ. ಮೆಲ್ಬರ್ನ್‌ನ ಬ್ರಾಡ್‌ಮೆಡೋಸ್‌ನಲ್ಲಿ ಒಂದು ಕೇಂದ್ರವಿದೆ, ಆದರೆ ಸಿಡ್ನಿಯ ವಿಲ್ಲವುಡ್‌ಗೋ ಪರ್ತ್ ಆಚೆಯ ಯೊಂಗಾ ಹಿಲ್‌ಗೋ ಕಳಿಸಿದರೂ ನೀವು ತಡೆಯಲಾರಿರಿ. 28 ದಿನಗಳ ಗಡುವು ಅವರಿಗೆ ಮಾತ್ರ. ಇಲಾಖೆ ತನ್ನ ತೀರ್ಮಾನಕ್ಕೆ ತಿಂಗಳುಗಟ್ಟಲೆ ತೆಗೆದುಕೊಳ್ಳಬಹುದು. 2023ರ ನವೆಂಬರ್‌ನಲ್ಲಿ ಹೈಕೋರ್ಟ್ ಅನಿರ್ದಿಷ್ಟ ಬಂಧನ ಕಾನೂನುಬಾಹಿರವೆಂದು ಹೇಳಿದ್ದನ್ನು ಯಾರಾದರೂ ನಿಮಗೆ ಹೇಳಬಹುದು. ಅದು ಯಾವ ದೇಶಕ್ಕೂ ಕಳಿಸುವ ಸಾಧ್ಯತೆ ಕಾಣದವರಿಗೆ ಸಂಬಂಧಿಸಿದ್ದು. ಭಾರತದ ಪಾಸ್‌ಪೋರ್ಟ್ ಇರುವವರನ್ನು ಭಾರತಕ್ಕೆ ಕಳಿಸಬಹುದಾದ್ದರಿಂದ ಅದು ಇಲ್ಲಿ ನೆರವಾಗದು.

ಪೌರತ್ವದ ಬಾಗಿಲು ಅಪಘಾತದ ಪ್ರಕರಣ ದಾಖಲಾದ ದಿನವೇ ಮುಚ್ಚಿತು. ಆರೋಪ ಬಾಕಿ ಇರುವವರಿಗೆ, ಸಜೆ ಅನುಭವಿಸುತ್ತಿರುವವರಿಗೆ ಪೌರತ್ವ ಮಂಜೂರು ಮಾಡಲು ಕಾಯ್ದೆಯೇ ಬಿಡುವುದಿಲ್ಲ.

ಮಲೆನಾಡಿಗ_ಹೊಬಾರ್ಟ್

ಜಮೀನಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಮ್ಮವರಲ್ಲಿ ಎಷ್ಟೋ ಜನ ಇದೇ ಕಾರಣಕ್ಕೆ ಹದಿನೈದು ಇಪ್ಪತ್ತು ವರ್ಷ ಪಿಆರ್‌ನಲ್ಲಿಯೇ ಉಳಿದಿದ್ದಾರೆ. ಭಾರತದ 1955ರ ಪೌರತ್ವ ಕಾಯ್ದೆಯ 9ನೇ ಕಲಮು ಎರಡು ಪೌರತ್ವಕ್ಕೆ ಅವಕಾಶ ಕೊಡುವುದಿಲ್ಲ, ಆದ್ದರಿಂದ ಇಲ್ಲಿನ ಪೌರತ್ವ ತೆಗೆದುಕೊಂಡರೆ ಅಲ್ಲಿನದು ಹೋಗುತ್ತದೆ ಎಂಬುದು ಸರಿ. ಆದರೆ ಅದರ ಜೊತೆ ಜಮೀನೂ ಹೋಗುತ್ತದೆ ಎಂಬುದು ಸುಳ್ಳು. ಒಸಿಐ ಆದವರು ಕೃಷಿ ಜಮೀನನ್ನು ಹಣ ಕೊಟ್ಟು ಕೊಳ್ಳುವಂತಿಲ್ಲ. ಹೊರದೇಶದಲ್ಲಿ ನೆಲೆಸಿದ ಭಾರತೀಯ ಪೌರರೂ, ಅಂದರೆ ಎನ್‌ಆರ್‌ಐಗಳೂ, ಕೊಳ್ಳುವಂತಿಲ್ಲ. ಭಾರತದಲ್ಲಿ ನೆಲೆಸಿರುವ ತಂದೆಯಿಂದ ಪಿತ್ರಾರ್ಜಿತವಾಗಿ ಬರುವ ಜಮೀನನ್ನು ಮಾತ್ರ ಇಬ್ಬರೂ ಪಡೆಯಬಹುದು, ಇಟ್ಟುಕೊಳ್ಳಬಹುದು. ಹಾಸನದ ಆ ಜಮೀನಿನ ಮಟ್ಟಿಗೆ ನಿಮ್ಮ ಭಾವನ ಪಾಸ್‌ಪೋರ್ಟ್ ಯಾವುದೆಂಬುದರಿಂದ ಏನೂ ವ್ಯತ್ಯಾಸವಾಗುತ್ತಿರಲಿಲ್ಲ.

ಇಲ್ಲಿ ನಾಲ್ಕು ವರ್ಷ ಕಾನೂನುಬದ್ಧವಾಗಿ ವಾಸವಿದ್ದು, ಅದರಲ್ಲಿ ಕೊನೆಯ ಒಂದು ವರ್ಷ ಪಿಆರ್ ಆಗಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಈ ಚರ್ಚೆ ಓದುತ್ತಿರುವವರು ಊರಿನ ಕಟ್ಟೆಯ ಮೇಲೆ ಕೇಳಿದ ಮಾತಿಗೆ ಹೆದರಿ ಅದನ್ನು ಮುಂದೂಡಬೇಡಿ.

ಸಹ್ಯಾದ್ರಿ_ಅಡಿಲೇಡ್

ಮಲೆನಾಡಿಗರೇ, ಎಲ್ಲರೂ ಜಮೀನಿಗಾಗಿಯೇ ಪಾಸ್‌ಪೋರ್ಟ್ ಉಳಿಸಿಕೊಂಡವರಲ್ಲ. ನನಗೆ ಅದು ನಾನು ಹುಟ್ಟಿದ ನೆಲದ ಸಂಬಂಧ. ಪೌರತ್ವ ತೆಗೆದುಕೊಳ್ಳದ್ದನ್ನೇ ನಮ್ಮ ಅಜ್ಞಾನವೆಂದು ಹೇಳುವುದು ಸರಿಯಲ್ಲ.

ಮಲೆನಾಡಿಗ_ಹೊಬಾರ್ಟ್

ಆ ಸಂಬಂಧವನ್ನು ನಾನು ಹೀಗಳೆಯುತ್ತಿಲ್ಲ. ತಿಳಿದು ಉಳಿಸಿಕೊಂಡರೆ ಅದು ನಿಮ್ಮ ಆಯ್ಕೆ. ಹೇಮಾವತಿ ಅವರ ಭಾವ ಉಳಿಸಿಕೊಂಡದ್ದು ತಿಳಿದಲ್ಲ.

ವರದಾ_ಟೊರೊಂಟೊ

ಕೆನಡಾದಲ್ಲಿಯೂ ಇದೇ ಕತೆ. ಆರು ತಿಂಗಳಿಗಿಂತ ಹೆಚ್ಚಿನ ಸಜೆಯಾದರೆ ಪಿಆರ್ ಉಳ್ಳವರಿಗೂ ಗಡೀಪಾರಿನ ಆದೇಶವಾಗಬಹುದು, ವಲಸೆ ಮೇಲ್ಮನವಿ ವಿಭಾಗಕ್ಕೆ ಹೋಗುವ ಹಕ್ಕೂ ಇರುವುದಿಲ್ಲ. ಮೊದಲು ಎರಡು ವರ್ಷವಿದ್ದ ಈ ಮಿತಿಯನ್ನು 2013ರಲ್ಲಿ ಇಳಿಸಿದರು. 2018ರ ಡಿಸೆಂಬರ್‌ನಲ್ಲಿ ಕುಡಿದು ವಾಹನ ಓಡಿಸುವ ಅಪರಾಧದ ಗರಿಷ್ಠ ಶಿಕ್ಷೆಯನ್ನು ಹತ್ತು ವರ್ಷಕ್ಕೆ ಏರಿಸಿದ್ದರಿಂದ ಅದೂ ‘ಗಂಭೀರ ಅಪರಾಧ’ಗಳ ಪಟ್ಟಿಗೆ ಸೇರಿತು. ಈಗ ದಂಡ ಕಟ್ಟಿ ಬಂದವರಿಗೂ ಪಿಆರ್ ಕಳೆದುಕೊಳ್ಳುವ ಭಯ ತಪ್ಪಿದ್ದಲ್ಲ.

ಭಾರತದಿಂದ ಬಂದ ಲಾರಿ ಚಾಲಕನೊಬ್ಬನ ಪ್ರಕರಣ ಇಲ್ಲಿ ಎಲ್ಲರಿಗೂ ಗೊತ್ತು. 2018ರ ಏಪ್ರಿಲ್‌ನಲ್ಲಿ ಸಸ್ಕಾಚೆವಾನ್ ಪ್ರಾಂತ್ಯದ ಅಡ್ಡರಸ್ತೆಯಲ್ಲಿ ನಿಲ್ಲಿಸದೆ ಮುಂದೆ ಹೋದದ್ದರಿಂದ ಕಿರಿಯರ ಹಾಕಿ ತಂಡದ ಬಸ್ಸಿಗೆ ಲಾರಿ ಅಡ್ಡವಾಯಿತು, 16 ಮಂದಿ ಸತ್ತರು. ಆತ ಕುಡಿದಿರಲಿಲ್ಲ, ತಪ್ಪೊಪ್ಪಿಕೊಂಡ, ಎಂಟು ವರ್ಷದ ಸಜೆಯಾಯಿತು, 2024ರಲ್ಲಿ ಗಡೀಪಾರಿನ ಆದೇಶವೂ ಆಯಿತು. ಸತ್ತ ಮಕ್ಕಳ ತಂದೆತಾಯಿಗಳಲ್ಲಿಯೇ ಕೆಲವರು ಅವನನ್ನು ಕ್ಷಮಿಸಿ ಇಲ್ಲೇ ಇರಲು ಬಿಡಿ ಎಂದರು, ಕೆಲವರು ಕಳಿಸಿಬಿಡಿ ಎಂದರು. ಅವರಲ್ಲಿ ಯಾರಿಗೂ ಎದುರು ಮಾತಾಡುವ ಯೋಗ್ಯತೆ ನಮಗಿಲ್ಲವೆಂದು ನನಗೆ ಅನಿಸುತ್ತದೆ.

ಬೇಲೂರು_ಲಂಡನ್

ಬ್ರಿಟನ್‌ನಲ್ಲಿಯೂ 2007ರ ಕಾಯ್ದೆಯ ಪ್ರಕಾರ 12 ತಿಂಗಳ ಸಜೆಯೇ ಗಡೀಪಾರಿನ ಗೆರೆ. ಆದರೆ ಇಲ್ಲಿ ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯ 8ನೇ ವಿಧಿ ಅಡ್ಡ ನಿಲ್ಲುತ್ತದೆ. ಜೀವನದ ಹೆಚ್ಚಿನ ಭಾಗ ಇಲ್ಲಿ ಕಾನೂನುಬದ್ಧವಾಗಿ ಕಳೆದು, ಇಲ್ಲಿನ ಸಮಾಜದಲ್ಲಿ ಬೆರೆತು, ಮರಳಿದ ದೇಶದಲ್ಲಿ ನೆಲೆಯೂರಲು ದೊಡ್ಡ ಅಡ್ಡಿಗಳಿರುವವರಿಗೆ ನಾಲ್ಕು ವರ್ಷದೊಳಗಿನ ಸಜೆಯ ಪ್ರಕರಣಗಳಲ್ಲಿ ವಿನಾಯಿತಿಯನ್ನು ಶಾಸನದಲ್ಲಿಯೇ ಬರೆದಿದ್ದಾರೆ. ಆಸ್ಟ್ರೇಲಿಯಾದಲ್ಲಿ ಅಂಥ ರಾಷ್ಟ್ರಮಟ್ಟದ ಹಕ್ಕುಗಳ ಶಾಸನ ಇಲ್ಲದಿರುವುದೇ ಮುಖ್ಯ ವ್ಯತ್ಯಾಸ.

ಅರಳಿ_ನ್ಯೂಜೆರ್ಸಿ

ಅಮೆರಿಕದಲ್ಲಿ 2010ರ ಪಡಿಯಾ ತೀರ್ಪಿನಿಂದ ಒಂದು ಒಳ್ಳೆಯದಾಯಿತು. ತಪ್ಪೊಪ್ಪಿಕೊಂಡರೆ ಗಡೀಪಾರಾಗುವ ಅಪಾಯವಿದೆಯೆಂದು ಕಕ್ಷಿದಾರನಿಗೆ ಹೇಳುವುದು ಕ್ರಿಮಿನಲ್ ವಕೀಲನ ಕರ್ತವ್ಯವೆಂದು ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮ ಭಾವನಿಗೆ ಅವರ ವಕೀಲರು ಇದನ್ನು ಮೊದಲೇ ಹೇಳಿದ್ದರೇ?

ಹೇಮಾವತಿ_ಮೆಲ್ಬರ್ನ್

ಇಲ್ಲ, ಯಾರೂ ಹೇಳಲಿಲ್ಲ. ಪತ್ರ ಬಂದಾಗಲೇ ನಮಗೆ 501 ಎಂಬ ಸಂಖ್ಯೆ ತಿಳಿದದ್ದು.

ಕುಕ್ಕರಹಳ್ಳಿ_ಮೈಸೂರು

ಹೊರಹಾಕಿಸಿಕೊಂಡು ಊರಿಗೆ ಬಂದವರ ಸ್ಥಿತಿ ಹೇಗಿರುತ್ತದೆಂದು ನಾನು ಹತ್ತಿರದಿಂದ ನೋಡಿದ್ದೇನೆ. ನನ್ನ ದೊಡ್ಡಮ್ಮನ ಮಗ ಹೊರದೇಶದಲ್ಲಿ ಎರಡು ದಶಕ ಕಳೆದು ಇಂಥದೇ ಕಾರಣಕ್ಕೆ ವಾಪಸ್ ಬಂದ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಇಳಿದಾಗ ಅವನ ಬಳಿ ಆಧಾರ್ ಇರಲಿಲ್ಲ, ಚಾಲ್ತಿಯಲ್ಲಿರುವ ಬ್ಯಾಂಕ್ ಖಾತೆ ಇರಲಿಲ್ಲ, ಇಲ್ಲಿನ ಒಂದು ಮೊಬೈಲ್ ನಂಬರೂ ಇರಲಿಲ್ಲ. ಅಲ್ಲಿ ಮಾಡುತ್ತಿದ್ದ ಕೆಲಸದ ಅನುಭವಕ್ಕೆ ಇಲ್ಲಿ ಯಾರೂ ಬೆಲೆ ಕಟ್ಟಲಿಲ್ಲ. ದೊಡ್ಡಮ್ಮ ನೆಂಟರಿಗೆ ‘ರಜೆಯ ಮೇಲೆ ಬಂದಿದ್ದಾನೆ’ ಎಂದು ಹೇಳುತ್ತಲೇ ಇದ್ದರು. ಅವನ ಮಗಳು ಅಲ್ಲಿಯೇ ತಾಯಿಯ ಬಳಿ ಉಳಿದಳು. ತಂದೆಗೆ ಆ ದೇಶಕ್ಕೆ ಮತ್ತೆ ಪ್ರವೇಶವಿಲ್ಲ, ಅವಳಿಗೆ ಇಲ್ಲಿಗೆ ಬರಲು ಶಾಲೆಯ ರಜೆ, ಟಿಕೆಟ್ಟಿನ ಹಣ ಎರಡೂ ಕೂಡಿಬರಬೇಕು. ಅವನು ಮಾಡಿದ ಅಪರಾಧದಲ್ಲಿ ಪಾಲಿಲ್ಲದ ಆ ಹುಡುಗಿಯೇ ಹೆಚ್ಚು ಕಳೆದುಕೊಂಡವಳು.

ಹೇಮಾವತಿ ಅವರೇ, ಮನವಿಯಲ್ಲಿ ‘ಭಾರತಕ್ಕೆ ಮರಳಿದರೆ ಎದುರಾಗುವ ಅಡ್ಡಿಗಳು’ ಎಂಬ ಭಾಗವನ್ನು ಬರಿದೆ ‘ಕಷ್ಟವಾಗುತ್ತದೆ’ ಎಂದು ಬರೆದು ಮುಗಿಸಬೇಡಿ. ಇಂಥ ಸಂಗತಿಗಳನ್ನು ಒಂದೊಂದಾಗಿ ಬರೆಯಿರಿ.

ಸ್ನೇಹಾ_ಮೆಲ್ಬರ್ನ್

ಹಿಂಸೆಗೊಳಗಾದ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡುವವಳಾಗಿ ಒಂದು ಮಾತು. ಹೇಮಾವತಿ ಅವರ ಕುಟುಂಬದ ವಿಷಯ ಬೇರೆ, ಆದರೆ ಈ ಕಲಮನ್ನೇ ತೆಗೆದುಹಾಕಬೇಕೆಂಬ ಧ್ವನಿ ಮೇಲೆ ಕೇಳಿಬರುತ್ತಿದೆ. ಹೆಂಡತಿಯನ್ನು ವರ್ಷಗಟ್ಟಲೆ ಹೊಡೆದು ಜೈಲಿಗೆ ಹೋದವನು ಹೊರಬಂದು ಮತ್ತೆ ಅದೇ ಬೀದಿಗೆ ಬರುತ್ತಾನೆಂದು ನಡುಗುವ ಹೆಂಗಸರಿಗೆ ಈ ಕಲಮು ಒಂದು ರಕ್ಷೆ. ಇನ್ನೊಂದು ಮುಖವೂ ಇದೆ. ಗಂಡ ಗಡೀಪಾರಾಗಿ ಸಂಸಾರದ ಆದಾಯವೇ ನಿಂತುಹೋಗುತ್ತದೆಂಬ ಭಯದಿಂದ ಪೊಲೀಸರಿಗೆ ಫೋನ್ ಮಾಡದೆ ಹೊಡೆತ ತಿನ್ನುವವರನ್ನೂ ಕಂಡಿದ್ದೇನೆ. 12 ತಿಂಗಳೆಂಬ ಒಂದೇ ಗೆರೆಗೆ ಈ ಇಬ್ಬರ ನಡುವಿನ ವ್ಯತ್ಯಾಸ ಕಾಣುವುದಿಲ್ಲ. ತೆಗೆದುಹಾಕುವುದೂ ಬೇಡ, ಕಣ್ಣುಮುಚ್ಚಿ ಎಲ್ಲರಿಗೂ ಹಾಕುವುದೂ ಬೇಡ. ರದ್ದು ಮಾಡುವ ಮೊದಲು ಒಬ್ಬ ಅಧಿಕಾರಿ ಕುಳಿತು ಕಡತ ಓದಲಿ.

ಶಂಕರ_ಬ್ರಿಸ್ಬೇನ್

ಮೊದಲು ಕಡತ ಓದಲಿ ಎಂಬುದಕ್ಕೆ ನನ್ನ ವಿರೋಧವಿಲ್ಲ. ಓದಿದ ಮೇಲೆ ರದ್ದು ಮಾಡುವ ಅಧಿಕಾರ ಮಾತ್ರ ಉಳಿಯಬೇಕು.

ಕಾನೂನುಮಿತ್ರ_ಸಿಡ್ನಿ

ಹೇಮಾವತಿ ಅವರಿಗೆ ಕೆಲಸಕ್ಕೆ ಬರುವ ಮಾತುಗಳನ್ನು ಒಟ್ಟಿಗೆ ಬರೆಯುತ್ತೇನೆ. ಮೊದಲು ಕ್ರಿಮಿನಲ್ ಪ್ರಕರಣದ ವಕೀಲರಿಂದ ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರು ಆಡಿದ ಮಾತುಗಳ ಪ್ರತಿ ತರಿಸಿ. ಪಶ್ಚಾತ್ತಾಪವಿದೆ, ಸುಧಾರಣೆಯ ನಿರೀಕ್ಷೆಯಿದೆ ಎಂದು ಅವರು ಹೇಳಿದ್ದರೆ ಅದಕ್ಕಿಂತ ದೊಡ್ಡ ಪುರಾವೆ ಇಲ್ಲ. ಜೈಲಿನಲ್ಲಿ ಮದ್ಯವ್ಯಸನದ ಕಾರ್ಯಕ್ರಮಕ್ಕೆ ಭಾವ ಹೆಸರು ಕೊಡಲಿ; ಜಾಗ ಸಿಗದಿದ್ದರೆ ಹೆಸರು ಕೊಟ್ಟ ದಾಖಲೆಯಾದರೂ ಇರಲಿ. ಮತ್ತೆ ಅಪರಾಧ ಮಾಡುವ ಸಂಭವ ಎಷ್ಟೆಂಬ ಬಗ್ಗೆ ಮನಶ್ಶಾಸ್ತ್ರಜ್ಞರ ವರದಿಗೆ ಖರ್ಚಾಗುತ್ತದೆ, ಆದರೂ ಸಾಧ್ಯವಾದರೆ ಮಾಡಿಸಿ. ಕನ್ನಡ ಸಂಘದವರಿಂದ, ಕೆಲಸದವರಿಂದ ಪತ್ರ ತರುವಾಗ ಅವರಿಗೆ ಅಪರಾಧದ ಪೂರ್ಣ ವಿವರ ತಿಳಿದಿದೆಯೆಂದು ಪತ್ರದಲ್ಲಿಯೇ ಬರೆದಿರಬೇಕು. ‘ತುಂಬ ಸಂಭಾವಿತರು, ಯುಗಾದಿಗೆ ಹೋಳಿಗೆ ಬಡಿಸುತ್ತಿದ್ದರು’ ಎಂಬಷ್ಟೇ ಇರುವ ಪತ್ರದಿಂದ ಪ್ರಯೋಜನವಿಲ್ಲ. ಮಕ್ಕಳ ಶಾಲೆಯಿಂದ, ಅವರ ವೈದ್ಯರಿಂದ ಪ್ರತ್ಯೇಕ ಪತ್ರಗಳು ಬೇಕು.

ಇಲಾಖೆ ಮನವಿಯನ್ನು ತಿರಸ್ಕರಿಸಿದರೆ ಆಡಳಿತಾತ್ಮಕ ಪುನರ್ವಿಮರ್ಶೆ ಟ್ರಿಬ್ಯೂನಲ್‌ಗೆ ಹೋಗಲು ಕೇವಲ ಒಂಬತ್ತು ದಿನಗಳಿವೆ (ಎಎಟಿ ಎಂಬ ಹಳೆಯ ಮೇಲ್ಮನವಿ ಟ್ರಿಬ್ಯೂನಲ್‌ನ ಜಾಗಕ್ಕೆ 2024ರ ಅಕ್ಟೋಬರ್‌ನಲ್ಲಿ ಬಂದದ್ದು ಇದೇ). ತಿರಸ್ಕಾರದ ಪತ್ರ ತಲುಪಿದಂದಿನಿಂದ 84 ದಿನಗಳೊಳಗೆ ಟ್ರಿಬ್ಯೂನಲ್ ತೀರ್ಮಾನಿಸದಿದ್ದರೆ ಇಲಾಖೆಯ ನಿರ್ಧಾರವೇ ಖಾಯಂ ಆದಂತೆ. ವಿಚಾರಣೆಗೆ ಎರಡು ಕೆಲಸದ ದಿನ ಮೊದಲು ಲಿಖಿತವಾಗಿ ಕೊಡದ ಸಾಕ್ಷ್ಯವನ್ನು ಅಲ್ಲಿ ಮುಂದಿಡಲು ಬಿಡುವುದಿಲ್ಲ. ಸಚಿವರೇ ಸ್ವತಃ ನಿರ್ಧರಿಸಿದ್ದರೆ ಟ್ರಿಬ್ಯೂನಲ್‌ಗೆ ಹೋಗುವ ದಾರಿಯಿಲ್ಲ, ಫೆಡರಲ್ ಕೋರ್ಟ್ ಮಾತ್ರ. ಅಲ್ಲಿ ಕಾನೂನಿನ ಲೋಪವನ್ನು ನೋಡುತ್ತಾರೆಯೇ ಹೊರತು ನಿಮ್ಮ ಸಂಸಾರದ ಸ್ಥಿತಿಯನ್ನಲ್ಲ.

ಹಣ ಕೇಳುವವರ ಬಗ್ಗೆಯೂ ಎಚ್ಚರವಿರಲಿ. ವಕೀಲರಲ್ಲದವರು ವಲಸೆ ಸಲಹೆ ಕೊಡಬೇಕಾದರೆ ಮಾರಾ (ವಲಸೆ ಏಜೆಂಟರನ್ನು ನೋಂದಾಯಿಸುವ ಸರ್ಕಾರಿ ಕಚೇರಿ) ನೋಂದಣಿ ಸಂಖ್ಯೆ ಇರಲೇಬೇಕು, ಆನ್‌ಲೈನ್ ಪಟ್ಟಿಯಲ್ಲಿ ಪರೀಕ್ಷಿಸಿಕೊಳ್ಳಿ. ‘ಖಂಡಿತ ವಾಪಸ್ ಕೊಡಿಸುತ್ತೇನೆ’ ಎನ್ನುವವರ ಬಳಿ ಹೋಗಬೇಡಿ.

ಹೇಮಾವತಿ_ಮೆಲ್ಬರ್ನ್

ಇವತ್ತೇ ಅಕ್ಕನ ಜೊತೆ ಕುಳಿತು ಬರೆಯಲು ಆರಂಭಿಸುತ್ತೇವೆ. ಇನ್ನೊಂದೇ ಸಂದೇಹ. ಗಾಯಗೊಂಡವರನ್ನು ಕಂಡು ಕ್ಷಮೆ ಕೇಳಿ, ಅವರಿಂದ ಒಂದು ಪತ್ರ ಪಡೆಯಬಹುದೇ? ಕೆನಡಾದ ಪ್ರಕರಣ ಓದಿ ಅಕ್ಕನಿಗೆ ಹಾಗೆ ಅನಿಸಿತು.

ಶುಶ್ರೂಷಕಿ_ವೆಸ್ಟರ್ನ್‌ಸಿಡ್ನಿ

ದಯವಿಟ್ಟು ಬೇಡ. ಅವರು ತಾವಾಗಿ ಮುಂದೆ ಬಂದರೆ ಬೇರೆ ಮಾತು. ನೋವಿನಲ್ಲಿರುವವರ ಬಾಗಿಲಿಗೆ ಹೋಗಿ ನಮ್ಮ ಕೆಲಸಕ್ಕಾಗಿ ಕ್ಷಮೆ ಕೇಳಿದರೆ ಅದು ಅವರ ಮೇಲೆ ಇನ್ನೊಂದು ಭಾರ ಹೊರಿಸಿದಂತೆ.

ಕಾನೂನುಮಿತ್ರ_ಸಿಡ್ನಿ

ಕಾನೂನಿನ ದೃಷ್ಟಿಯಿಂದಲೂ ಬೇಡ, ಸಾಕ್ಷಿಗಳ ಮೇಲೆ ಒತ್ತಡ ಹಾಕಿದರೆಂಬ ಆರೋಪಕ್ಕೆ ಅದು ಎಡೆಮಾಡುತ್ತದೆ. ಭಾವ ಕ್ಷಮೆಯ ಮಾತನ್ನು ಮನವಿಯಲ್ಲಿಯೇ ಬರೆಯಲಿ. ಮನವಿಗೆ ಅವರೇ ಸಹಿ ಮಾಡಬೇಕು, ಇಲ್ಲವಾದರೆ ಅಕ್ಕನಿಗೋ ವಕೀಲರಿಗೋ ಲಿಖಿತ ಅಧಿಕಾರ ಕೊಟ್ಟಿರಬೇಕು. ಜೈಲಿನಿಂದ ಅಂಚೆ ಹೊರಬರಲು ತಡವಾಗುತ್ತದೆ. ಪತ್ರದಲ್ಲಿ ಕೊಟ್ಟಿರುವ ಇಮೇಲ್ ವಿಳಾಸಕ್ಕೆ ನೀವೇ ಹೊರಗಿನಿಂದ ಕಳಿಸಿ, ಸ್ವೀಕೃತಿಯ ಉತ್ತರ ಬಂದ ಮೇಲೆ ಅದನ್ನು ಮುದ್ರಿಸಿಟ್ಟುಕೊಳ್ಳಿ. ಪತ್ರ ಅವರ ಕೈಸೇರಿದ ತಾರೀಖು ಯಾವುದು? ಅದನ್ನು ಇಲ್ಲಿ ಬರೆಯಬೇಡಿ, ನನಗೆ ಖಾಸಗಿ ಸಂದೇಶದಲ್ಲಿ ಕಳಿಸಿ, ಕೊನೆಯ ದಿನವನ್ನು ಲೆಕ್ಕ ಹಾಕಿ ತಿಳಿಸುತ್ತೇನೆ.